ಆಲದ ಬುಡದಲ್ಲಿ ಕೂತವನು

ದೀಪ ಸ್ವಲ್ಪ ಸಣ್ಣದು ಮಾಡಿ. ಹಾಂ, ಅಷ್ಟು ಸಾಕು. ನೀರು ಕುಡಿಯುವವರು ಈಗಲೇ ಕುಡಿದು ಬನ್ನಿ. ಆಮೇಲೆ ಹಿತ್ತಲಿಗೆ ಒಬ್ಬರೇ ಹೋಗೋಕಾಗಲ್ಲ, ಜೊತೆಗೆ ಬನ್ನಿ ಅಂತ ನನ್ನ ಸೆರಗು ಎಳೆದರೆ ನಾನಂತೂ ಏಳುವವಳಲ್ಲ.

ಇದು ಅವರಿವರ ಬಾಯಿಂದ ಕೇಳಿದ್ದಲ್ಲ. ನಮ್ಮ ಸೋದರತ್ತೆಯ ಮಗನಿಗೇ ಆದದ್ದು. ಪುರಸಭೆಯಲ್ಲಿ ಸರ್ವೆ ಕೆಲಸ ಅವನಿಗೆ. ಎಲ್ಲರೂ ಅವನನ್ನು ತೂಗುಗುಂಡು ಅಂತಲೇ ಕರೆಯುವುದು. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ದಾರಕ್ಕೆ ಕಟ್ಟಿ ಇಳಿಬಿಡುತ್ತಾರಲ್ಲ, ಆ ಹಿತ್ತಾಳೆ ಗುಂಡು. ಅದು ಯಾವಾಗಲೂ ಅವನ ಜೇಬಿನಲ್ಲಿರುತ್ತಿತ್ತು. ಮನುಷ್ಯನೂ ಹಾಗೇ, ಯಾರ ಮುಲಾಜಿಗೂ ಅತ್ತಿತ್ತ ವಾಲಿದವನಲ್ಲ. ನೆಂಟರ ಮನೆಗೆ ಊಟಕ್ಕೆ ಕರೆದರೂ ಗೋಡೆಯ ಮೇಲಿನ ಪಟ ಸೊಟ್ಟಗಿದ್ದರೆ ಎದ್ದು ಸರಿಮಾಡಿ, ಆಮೇಲೆ ಕೈ ತೊಳೆಯುತ್ತಿದ್ದ. ನಮಗೆಲ್ಲ ತಲೆನೋವು.

ಅವನಿಗೆ ಒಬ್ಬಳು ಅಕ್ಕ. ತಾಯಿ ಹೋದಮೇಲೆ ಅವನನ್ನು ಸಾಕಿ ಓದಿಸಿದವಳು ಅವಳೇ. ಆಸ್ಪತ್ರೆಯ ಚಾದರಗಳನ್ನು ಒಗೆದು ಇಸ್ತ್ರಿ ಮಾಡಿಕೊಡುವುದು ಅವಳ ಕೆಲಸ. ಪಟ್ಟಣದ ಅಂಚಿನಲ್ಲಿ ಎರಡು ಕೋಣೆಯ ಮನೆ, ಹಿಂದೆ ಬಯಲು, ಬಯಲಿನ ತುಂಬ ಹಗ್ಗ, ಹಗ್ಗದ ತುಂಬ ಬಿಳಿ ಬಟ್ಟೆ. ಕತ್ತಲಲ್ಲಿ ಬೆಳ್ಳಗೆ ಏನಾದರೂ ಅಲ್ಲಾಡಿದರೆ ನೀವು ನಾವು ಚೀರುತ್ತೇವೆ. ಆ ಮನೆಯಲ್ಲಿ ಬೆಳ್ಳಗೆ ಅಲ್ಲಾಡುವುದೇ ಅನ್ನ ಹಾಕುತ್ತಿತ್ತು. ಅದಕ್ಕೇ ಹೇಳುವುದು, ಅವನು ಸುಮ್ಮಸುಮ್ಮನೆ ಹೆದರುವ ಪೈಕಿ ಅಲ್ಲ.

ಆಗ ಪಟ್ಟಣದ ಗಡಿಗೆ ಹೊಸದಾಗಿ ಕಲ್ಲು ನೆಡುವ ಕೆಲಸ ನಡೆದಿತ್ತು. ಹಿಂದಿನವರು ಊರು ಕಟ್ಟಿದಾಗ ನಕ್ಷೆ ಎಲ್ಲಿತ್ತು? ಕಣ್ಣಿಗೆ ಕಂಡದ್ದೇ ಗುರುತು. ಆಲದ ಮರದಿಂದ ಬೋಳುಬಂಡೆ, ಬಂಡೆಯಿಂದ ಹಳ್ಳದ ತಿರುವು, ತಿರುವಿನಿಂದ ಒರತೆಬಾವಿ, ಬಾವಿಯಿಂದ ಮತ್ತೆ ಆಲದ ಮರ. ಇಷ್ಟೇ ಗಡಿ. ಇದರೊಳಗೆ ಬಂದವರು ಊರಿನವರು.

ತೂಗುಗುಂಡು ಬಂಡೆ, ಹಳ್ಳ, ಬಾವಿ ಎಲ್ಲ ಅಳೆದು ಮುಗಿಸಿದ್ದ. ಉಳಿದದ್ದು ಆಲದ ಮರದ ಹತ್ತಿರದ ಕಲ್ಲು ಒಂದೇ. ಅಲ್ಲೇ ತೊಡಕು. ಬಾವಿಯಿಂದ ಬಂಡೆಗೆ ನೆಟ್ಟಗೆ ಗೆರೆ ಎಳೆದರೆ ಅದು ಅಕ್ಕನ ಮನೆಯ ಹಿಂದಿನ ಬಯಲಿನಲ್ಲಿ ಹಾದುಹೋಗುತ್ತಿತ್ತು. ಮನೆ ಊರೊಳಗೆ. ಆದರೆ ಆಲದ ಮರ ಇದ್ದದ್ದು ಮನೆಯ ಮುಂದೆ, ಒಂದು ಕಲ್ಲೆಸೆತದಷ್ಟು ಊರಿನ ಕಡೆಗೆ. ಗೆರೆ ಆ ಮರ ಮುಟ್ಟಬೇಕಾದರೆ ಬಾಗಿ ಒಳಗೆ ಬರಬೇಕು. ಆಗ ಅಕ್ಕನ ಮನೆ ಊರ ಹೊರಗೆ.

ಹೊರಗಾದರೆ ಏನು ಮಹಾ ಅನ್ನಬೇಡಿ. ಗಡಿಯಾಚೆ ಜಲ್ಲಿ ಕ್ವಾರಿ ಇತ್ತು. ಊರ ಹೊರಗೆ ಎಲ್ಲಿ ಬೇಕಾದರೂ ಬಂಡೆ ಸಿಡಿಸಲು ಯಜಮಾನನಿಗೆ ಪರವಾನಗಿ. ದೂರದಲ್ಲಿ ಸಿಡಿಸಿದರೇ ಅಕ್ಕನ ಮನೆಯ ಗೋಡೆ ಬಾಯಿ ಬಿಟ್ಟಿತ್ತು. ಹಿತ್ತಲಿಗೇ ಬಂದರೆ ಮನೆ ಉಳಿಯುವ ಮಾತೇ ಇಲ್ಲ.

"ಬಾವಿ, ಆಲ, ಬಂಡೆ ಮೂರೂ ಒಂದೇ ದಾರದ ಮಣಿ ಅಂತ ಹಳಬರು ಹೇಳ್ತಾರೆ ಸಾರ್," ಎಂದು ಅವನು ಕಚೇರಿಯಲ್ಲಿ ಸಾಹೇಬರ ಮುಂದೆ ಮೆಲ್ಲಗೆ ಹೇಳಿ ನೋಡಿದ.

"ಗಾದೆ ನಂಬಿ ಗಡಿ ಹಾಕೋಕಾಗುತ್ತೇನ್ರೀ? ಮರ ಎದುರಿಗೇ ನಿಂತಿದೆ. ಬಂಡೆ ನಡೆಯಲ್ಲ, ಬಾವಿ ನಡೆಯಲ್ಲ, ಮರ ನಡೆಯುತ್ತಾ?" ಅಂದರು ಸಾಹೇಬರು. ಆಮೇಲೆ ಕನ್ನಡಕ ಒರೆಸುತ್ತ, "ಅದೂ ಅಲ್ಲದೆ... ಅದು ನಿಮ್ಮ ಅಕ್ಕನ ಮನೆ ಅಲ್ವಾ?" ಅಂದರು.

ಅಷ್ಟೇ. ಆ ಒಂದು ಮಾತು ಸಾಕಾಯಿತು. ಅಕ್ಕನಿಗೋಸ್ಕರ ಗಡಿ ತಿರುಗಿಸಿದ ಅನ್ನಿಸಿಕೊಳ್ಳುವುದಕ್ಕಿಂತ ಸಾಯುವುದು ಮೇಲು ಅನ್ನುವ ಜಾತಿ ಇವನು. ನೇರವಾಗಿ ಹೋಗಿ ಆಲದ ಬುಡದಲ್ಲಿ ಕೆಂಪು ಬಣ್ಣದ ಗೂಟ ಹೊಡೆದ. ಠಕ್, ಠಕ್, ಠಕ್. ಬೆಳಗಾದರೆ ಅದೇ ಜಾಗದಲ್ಲಿ ಕಲ್ಲು.

ಗೂಟ ಹೊಡೆದವನಿಗೆ ಮನೆಗೆ ಹೋಗುವ ಮುಖವಿರಲಿಲ್ಲ. ಕಚೇರಿಯಲ್ಲೇ ಕೂತ, ಎದ್ದ, ಮತ್ತೆ ಕೂತ. ಕಾವಲುಗಾರ ಬಾಗಿಲು ಹಾಕಬೇಕು ಅಂದಮೇಲೆ ಹೊರಟ. ಊರು ಮಲಗಿತ್ತು. ಕ್ವಾರಿಯ ಯಂತ್ರ ನಿಂತು ಎಷ್ಟೋ ಹೊತ್ತಾಗಿತ್ತು.

ಒರತೆಬಾವಿಯ ಹತ್ತಿರ ಬಂದಾಗ ರಾಟೆ ಒಂದು ಸಲ... ಕಿರ್ರ್... ಎಂದಿತು. ಹಗ್ಗ ಇಲ್ಲ, ಕೊಡ ಇಲ್ಲ. ಗಾಳಿ ಎಂದುಕೊಂಡ. ಆದರೆ ಗಾಳಿಯೂ ಇರಲಿಲ್ಲ.

ಆಲದ ಮರದ ಬುಡಕ್ಕೆ ಬಂದ. ಗೂಟ ಹೊಡೆದಲ್ಲೇ ಇತ್ತು. ಅದರ ತಲೆ ಮುಟ್ಟಿ ನೋಡಿದ, ಬಣ್ಣ ಇನ್ನೂ ಅಂಟುತ್ತಿತ್ತು. ಬೆರಳು ಒರೆಸಿಕೊಳ್ಳುತ್ತ ತಲೆ ಎತ್ತಿದರೆ, ಮನೆಯಾಚೆ, ಚಾದರಗಳ ನಡುವಿನ ಬಯಲಲ್ಲಿ ಯಾರೋ ಕೂತಿದ್ದಾರೆ.

ಕಾಲು ಚಾಚಿ, ಕೈ ತೊಡೆಯ ಮೇಲಿಟ್ಟು, ಬೆನ್ನು ಹಿಂದಕ್ಕೆ ಒರಗಿಸಿ ಆರಾಮಾಗಿ ಕೂತ ಮುದುಕ. ಕ್ವಾರಿಯ ಕಾವಲಿನವನಿರಬೇಕು ಅನ್ನಿಸಿತು.

"ಬಂದ್ರಾ?"

ಮುದುಕ ಕೂತದ್ದು ಅಷ್ಟು ದೂರ. ಪಿಸುಮಾತು ಕೇಳಿಸಿದ್ದು ಕಿವಿಯ ಪಕ್ಕದಲ್ಲಿ.

"ಯಾರು?" ಅಂದ ತೂಗುಗುಂಡು.

"ಸುತ್ತು ಹಾಕೋಕೆ ಹೋದವ್ರು... ಬಂದ್ರಾ?"

ಸರಸರನೆ ನಡೆದು ಮನೆ ಸೇರಿ ಅಗುಳಿ ಹಾಕಿದ. ಹಾಕಿದ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಾಗ ತಲೆಗೆ ಹೊಳೆಯಿತು. ಮುದುಕ ಕೂತ ಜಾಗದಲ್ಲಿ ಹುಲ್ಲು ಬಿಟ್ಟರೆ ಏನೂ ಇಲ್ಲ. ಗೋಡೆ ಇಲ್ಲ, ಹಗ್ಗದ ಕಂಬವೂ ಇಲ್ಲ. ಅವನು ಒರಗಿದ್ದು ಯಾವುದಕ್ಕೆ?

ಅಕ್ಕ ಇನ್ನೂ ಇಸ್ತ್ರಿ ಮಾಡುತ್ತಿದ್ದಳು. ಹಸಿ ಚಾದರದ ಮೇಲೆ ಪೆಟ್ಟಿಗೆ ಇಟ್ಟಾಗಲೆಲ್ಲ... ಚುಂಯ್... ಅನ್ನುತ್ತಿತ್ತು.

"ಆ ಕೊನೇ ಹಗ್ಗದ ಬಟ್ಟೆ ಯಾವತ್ತೂ ಪೂರ್ತಿ ಒಣಗಲ್ಲ ಕಣೋ," ಅಂದಳು ತಲೆ ಎತ್ತದೆ. "ದಿನಾ ಇದೇ ಗೋಳು."

"ಒಳಗೆ ತಂದು ಹಾಕಬೇಕಿತ್ತು."

"ಒಳಗೆ," ಎಂದು ಅಕ್ಕ ಪೆಟ್ಟಿಗೆ ಎತ್ತಿಟ್ಟಳು. "ಅದನ್ನೇ ಕೇಳೋಣ ಅಂತಿದ್ದೆ. ನಾವು ಒಳಗಾ, ಹೊರಗಾ?"

ಅವನು ಚಪ್ಪಲಿ ಬಿಡುವುದರಲ್ಲೇ ಬಹಳ ಹೊತ್ತು ಕಳೆದ.

"ಹೊರಗೆ ಅಕ್ಕ."

ಅವಳು ಅಳಲಿಲ್ಲ. ಗೋಡೆಯ ಬಿರುಕಿನೊಳಗೆ ಬೆರಳು ತೂರಿಸಿ ಸಣ್ಣ ಮಣ್ಣು ಕೆರೆದು ಕೆಳಗೆ ಹಾಕಿದಳು. "ಊರಿಗೆಲ್ಲ ನಿನ್ನ ನಿಯತ್ತಿನಿಂದ ಒಳ್ಳೇದೇ ಆಗಿದೆ. ಬೀಳೋದಾದ್ರೆ ಅದು ನನ್ನ ಗೋಡೆ ಮೇಲೇ ಬೀಳ್ಬೇಕಾ?"

"ಮರ ಅಲ್ಲಿದೆ. ನಾನೇನು ಮಾಡ್ಲಿ?"

"ನೇರ ಅಂತೀಯ. ಗೆರೆ ಬಾಗಿದ್ದು ನಿನ್ನ ಕಣ್ಣಿಗೇ ಕಾಣ್ತಿದೆ. ನನ್ನ ಮನೆ ಅಂತ ನೋಡೋಕೂ ಹೆದರ್ತಿದ್ದೀಯ. ಬೇರೆಯವರ ಮನೆ ಆಗಿದ್ರೆ ಇನ್ನೊಂದು ಸಲ ಅಳೀತಿರ್ಲಿಲ್ವಾ?"

ಅದು ನಾಟಿತು. ನಾಟಿದ್ದಕ್ಕೇ ಉಣ್ಣದೆ ಮಲಗಿದ. ಮಲಗಿದ ಅಂತ ಹೆಸರಿಗೆ, ಕಣ್ಣಿಗೆ ಕಣ್ಣು ಹತ್ತಲಿಲ್ಲ. ಮಗ್ಗುಲು ಬದಲಿಸಿದಾಗೆಲ್ಲ ಕಣ್ಣೆದುರು ಆ ಗೆರೆ. ಬಾವಿಯಿಂದ ನೆಟ್ಟಗೆ ಬಂದು ಮನೆಯ ಹತ್ತಿರ ಸೊಟ್ಟಗಾಗಿ, ಮತ್ತೆ ನೆಟ್ಟಗಾಗುವ ಗೆರೆ. ಸೊಟ್ಟ ಪಟ ಸರಿಮಾಡದೆ ಊಟಕ್ಕೆ ಕೂರದವನು ಈ ಸೊಟ್ಟವನ್ನು ಹೇಗೆ ನುಂಗಿಯಾನು?

ಆಗ ಕೇಳಿಸಿತು... ಸರ ಸರ... ಸರ ಸರ...

ಆಲದ ಎಲೆ. ದಪ್ಪ ಎಲೆಗೆ ಎಲೆ ಉಜ್ಜುವ ಸದ್ದು. ಹುಟ್ಟಿದಾಗಿನಿಂದ ಕೇಳಿದ ಸದ್ದು, ತಪ್ಪುವ ಹಾಗಿಲ್ಲ. ಅದಾದರೆ ಅದು ಮನೆಯ ಮುಂದಿನಿಂದ ಬರಬೇಕು. ಮರ ಇರುವುದು ಅಲ್ಲಿ.

ಸದ್ದು ಬರುತ್ತಿದ್ದದ್ದು ಹಿತ್ತಲ ಕಿಟಕಿಯಿಂದ.

ಮುಂಬಾಗಿಲು ತೆರೆದು ನೋಡಿದ. ಆಲದ ಮರದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಹಿತ್ತಲ ಬಾಗಿಲಿಗೆ ಬಂದ. ಹಗ್ಗದ ಬಟ್ಟೆ ಬಿಟ್ಟರೆ ಬರಿ ಬಯಲು, ಮೇಲೆ ನಕ್ಷತ್ರ. ಸರ ಸರ... ಸರ ಸರ... ಸದ್ದು ಮಾತ್ರ ಅಲ್ಲೇ, ಎತ್ತರದಲ್ಲಿ. ಅದರ ಕೆಳಗೆ ಮುದುಕ.

"ಹೋಗ್ಬೇಡ ಕಣೋ..." ಅಕ್ಕ ಬೆನ್ನ ಹಿಂದೆ ನಿಂತಿದ್ದಳು. ಅವಳಿಗೂ ಕೇಳಿಸುತ್ತಿತ್ತು. ಅವಳ ಕೈ ಅವನ ಅಂಗಿ ಹಿಡಿದಿತ್ತು.

"ಅಳೀಬೇಕು ಅಂದ್ಯಲ್ಲ ಅಕ್ಕ."

"ಈಗಲ್ವೋ!"

ಅಂಗಿ ಬಿಡಿಸಿಕೊಂಡು ಟಾರ್ಚ್ ಹಿಡಿದು ಹೋದ. ಧೈರ್ಯ ಅಂದುಕೊಳ್ಳಬೇಡಿ. ಅವನೇ ನನಗೆ ಹೇಳಿದ್ದಾನೆ, ಹೆದರಿಕೊಂಡೇ ಹೋದೆ ಅಂತ. ಆದರೆ ಹಾಸಿಗೆಯಲ್ಲಿ ಆ ಸೊಟ್ಟ ಗೆರೆಯ ಜೊತೆ ಮಲಗುವುದು ಇದಕ್ಕಿಂತ ಕಷ್ಟವಾಗಿತ್ತಂತೆ.

ಹತ್ತಿರ ಹೋದಾಗ ಗೊತ್ತಾಯಿತು. ಮುದುಕನ ಬೆನ್ನು ಎಷ್ಟು ಹಿಂದಕ್ಕೆ ವಾಲಿತ್ತೆಂದರೆ ಯಾವ ಮನುಷ್ಯನೂ ಆಸರೆಯಿಲ್ಲದೆ ಹಾಗೆ ಕೂರಲಾರ. ಅಂಗಾತ ಬೀಳಬೇಕಿತ್ತು. ಬಿದ್ದಿರಲಿಲ್ಲ. ಅವನು ಅಲುಗಿದಾಗ ಬೆನ್ನ ಹಿಂದೆ... ಜರ್... ಜರ್... ಎಂದು ಒರಟು ತೊಗಟೆಗೆ ಬಟ್ಟೆ ಉಜ್ಜುವ ಸದ್ದು.

"ಕೂತ್ಕೋ," ಅಂದ ಮುದುಕ.

ಕೂತ.

"ಒರಗ್ಕೋ."

ಮೆಲ್ಲಗೆ ಹಿಂದಕ್ಕೆ ವಾಲಿದ. ಬೀಳುತ್ತೇನೆ ಅಂದುಕೊಂಡು ಅಂಗೈ ನೆಲಕ್ಕೆ ಊರಿದ. ಬೀಳಲಿಲ್ಲ. ಬೆನ್ನಿಗೆ ತಗುಲಿತು... ತಣ್ಣಗೆ, ಗಟ್ಟಿಯಾಗಿ, ಉಬ್ಬುತಗ್ಗಾಗಿ. ಮರದ ಬೊಡ್ಡೆ. ಮೇಲಿನಿಂದ ಏನೋ ಹೆಗಲ ಮೇಲೆ ಬಿತ್ತು. ಟಪ್. ಟಾರ್ಚ್ ಮೇಲಕ್ಕೆ ಬಿಟ್ಟ. ಬೆಳಕು ಎಲ್ಲೂ ತಾಗದೆ ಆಕಾಶಕ್ಕೆ ಹೋಯಿತು.

"ಇಲ್ಲಿಂದ ಹೊರಟ್ರು," ಪಿಸುಗುಟ್ಟಿದ ಮುದುಕ. "ಬಂಡೆ... ಹಳ್ಳ... ಬಾವಿ... ಸುತ್ತಿ ಇಲ್ಲಿಗೇ ಬರ್ತೀವಿ ಅಂದ್ರು. ಹೊರಟ ಮರ ಇದೇ ಅಂತ ಗುರುತಿಗೆ ನೀನು ಕೂತಿರು. ನಾವು ಬರೋ ತನಕ ಏಳ್ಬೇಡ ಅಂದ್ರು."

"ಬರಲಿಲ್ವಾ?"

"ಬಂದ್ರು ಅಂತಾರೆ. ಅಷ್ಟರಲ್ಲಿ ನನ್ನ ಕಣ್ಣು ಮುಚ್ಚಿತ್ತು... ನಾನು ಕಾಣಲಿಲ್ಲ. ಸುತ್ತು ಮುಗೀತು ಅಂತ ನನಗೆ ಯಾರೂ ಹೇಳಲಿಲ್ಲ. ಆಮೇಲೂ ಬರ್ತಾರೆ. ದಾರ ಹಿಡ್ಕೊಂಡು ಬರ್ತಾರೆ. ಮರ ಆ ಕಡೆ ನಡ್ಕೊಂಡು ಹೋಯ್ತು. ಬಂದವರೆಲ್ಲ ಅದರ ಹಿಂದೆ ಹೋಗ್ತಾರೆ." ಅವನ ಕಡೆ ತಿರುಗಿ ಹೇಳಿದ, "ಇವತ್ತು ನೀನೂ ಹೋದೆ."

ಆಗ ಅವನ ಎದೆ ಧಸಕ್ಕೆಂದಿತು. ದೆವ್ವ ಅಂತಲ್ಲ. ತನ್ನ ತಪ್ಪು ಗೊತ್ತಾಗಿ. ಆಲದ ಮರ ನಡೆಯುತ್ತದೆ! ಬಿಳಲು ಬಿಟ್ಟು, ಬಿಳಲು ಬೇರಾಗಿ, ಬೇರು ಬೊಡ್ಡೆಯಾಗಿ, ಹಳೆಯ ಬೊಡ್ಡೆ ಗೆದ್ದಲು ತಿಂದು ಮಣ್ಣಾಗಿ... ಒಂದೊಂದು ತಲೆಮಾರಿಗೆ ಒಂದೊಂದು ಹೆಜ್ಜೆ. ಈಗ ಮನೆಯ ಮುಂದೆ ನಿಂತದ್ದು ಮರದ ಮೊಮ್ಮಗ. ತಾಯಿಬೊಡ್ಡೆ ಇದ್ದದ್ದು ಇಲ್ಲಿ. ಬಾವಿಗೂ ಬಂಡೆಗೂ ನೆಟ್ಟಗೆ.

"ಬೆಳಗ್ಗೆ ನಾನು ಹೇಳಿದ್ರೆ ಯಾರು ನಂಬ್ತಾರೆ?" ಅಂದ. "ಅಕ್ಕನ ಮನೆ ಉಳಿಸೋಕೆ ಕತೆ ಕಟ್ಟಿದ ಅಂತಾರೆ."

ಮುದುಕ ತನ್ನ ಪಕ್ಕದ ನೆಲವನ್ನು ಅಂಗೈಯಿಂದ ತಟ್ಟಿದ. ದಬ್... ದಬ್...

ತೂಗುಗುಂಡು ಜೇಬಿನಿಂದ ಹಿತ್ತಾಳೆಯ ಗುಂಡು ತೆಗೆದು, ಮುದುಕ ತಟ್ಟಿದ ಜಾಗದಲ್ಲಿ ಮೊನೆ ಕೆಳಗಾಗಿ ನೆಲಕ್ಕೆ ಒತ್ತಿದ. ಎದ್ದ. ಹಿಂತಿರುಗಿ ನೋಡದೆ ಮನೆಗೆ ಬಂದ. ಅಕ್ಕ ಹೊಸ್ತಿಲಲ್ಲೇ ನಿಂತಿದ್ದಳು. ಬೆಳಗಾಗುವವರೆಗೂ ಇಬ್ಬರೂ ಇಸ್ತ್ರಿ ಮೇಜಿನ ಕೆಳಗೆ ಕೂತಿದ್ದರು. ಮೇಜಿನ ಕೆಳಗೆ ಯಾಕೆ ಅಂತ ಕೇಳಿದರೆ ಇವತ್ತಿಗೂ ಒಬ್ಬರ ಮೇಲೊಬ್ಬರು ಹಾಕುತ್ತಾರೆ.

ಬೆಳಗ್ಗೆ ಸಾಹೇಬರು ಬಂದರು, ಕೆಲಸದವರು ಬಂದರು, ಗಾಡಿಯಲ್ಲಿ ಕಲ್ಲು ಬಂತು. ಕ್ವಾರಿ ಯಜಮಾನನೂ ಬಂದ, ಕರೆಯದೆಯೇ. ಎಲ್ಲರೂ ಕೆಂಪು ಗೂಟದ ಸುತ್ತ ನಿಂತಾಗ ನಮ್ಮವನು ಹೇಳಿದ, "ಸಾರ್, ಇಲ್ಲಲ್ಲ. ಆ ಬಯಲಲ್ಲಿ ಅಗೆಸಬೇಕು."

ಯಜಮಾನ ನಕ್ಕ. "ನೋಡಿದ್ರಾ? ತೂಗುಗುಂಡು ಕೊನೆಗೂ ವಾಲಿತು!"

ಕೆಲಸದವರೂ ನಕ್ಕರು. ಹತ್ತಾರು ವರ್ಷ ಕೂಡಿಟ್ಟ ಹೆಸರು ಒಂದು ನಗುವಿನಲ್ಲಿ ಹೋಯಿತು. ಅವನ ಕಿವಿ ಕೆಂಪಾಯಿತು, ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ.

"ಊರು ಕಟ್ಟಿದ ಹಿಂದಿನವರು ಗಡಿ ಗುರುತಿನ ಕೆಳಗೆ ಇದ್ದಿಲು ಹೂಳ್ತಿದ್ರು ಸಾರ್. ಮರ ಸತ್ತರೂ ಇದ್ದಿಲು ಕೊಳೆಯಲ್ಲ ಅಂತ. ನಿಮಗೂ ಗೊತ್ತು. ಅಲ್ಲಿ ಅಗೀಲಿ. ಏನೂ ಸಿಗದಿದ್ರೆ ಕಲ್ಲು ಇಲ್ಲೇ ನೆಡಿ, ನಾನು ಇವತ್ತೇ ಕೆಲಸ ಬಿಡ್ತೀನಿ."

ಸಾಹೇಬರು ಅವನ ಮುಖ ನೋಡಿದರು. "ಅಗೀರಿ," ಅಂದರು.

ಹಿತ್ತಾಳೆ ಗುಂಡು ಇಬ್ಬನಿಯಲ್ಲಿ ನೆನೆದು ಅಲ್ಲೇ ಇತ್ತು. ಗುದ್ದಲಿ ಬಿತ್ತು. ಕೆಮ್ಮಣ್ಣು. ಮತ್ತೆ ಕೆಮ್ಮಣ್ಣು. ಅಕ್ಕ ಒಗೆದ ಚಾದರ ಹಿಂಡುತ್ತ ಹಿಂಡುತ್ತ ನೀರು ಬರದಿದ್ದರೂ ಹಿಂಡುತ್ತಲೇ ಇದ್ದಳು. ಮೊಣಕಾಲುದ್ದ ಹೋದಮೇಲೆ ಯಜಮಾನ, "ಸಾಕು ಬಿಡಿ, ಪಾಪ," ಅಂದ. ಅಷ್ಟರಲ್ಲಿ ಗುದ್ದಲಿಯ ಸದ್ದು ಬದಲಾಯಿತು. ದಬ್ ಅನ್ನುತ್ತಿದ್ದದ್ದು... ಕರಕ್... ಅಂದಿತು.

ಕಪ್ಪು. ಹಿಡಿ ಹಿಡಿಯಾಗಿ ಇದ್ದಿಲು.

"ರಾತ್ರಿ ಇವನೇ ಹೂತಿರ್ತಾನೆ!" ಎಂದು ಯಜಮಾನ ಕೂಗಿದ.

ಸಾಹೇಬರು ಗುಂಡಿಯೊಳಗೆ ಇಳಿದು ಮಂಡಿಯೂರಿದರು. ಇದ್ದಿಲಿನ ನಡುವೆ ತೋಳು ದಪ್ಪದ ಬೇರು ಹೊಕ್ಕು, ಕೊಳೆತು, ಬೇರಿನ ಆಕಾರದ ಪುಡಿ ಮಾತ್ರ ಉಳಿದಿತ್ತು. ಬೇರು ಇದ್ದಿಲಿನೊಳಗೆ ಹೋಗಿ ಬೆಳೆದು ಸತ್ತು ಪುಡಿಯಾಗುವುದು ಒಂದು ರಾತ್ರಿಯ ಕೆಲಸವೇ? ಸಾಹೇಬರು ಎದ್ದು ಬಾವಿಕಟ್ಟೆಗೆ ನಡೆದರು, ದಾರ ಹಿಡಿದು ಒಂದು ಕಣ್ಣು ಮುಚ್ಚಿದರು. ಬಾವಿ, ಗುಂಡಿ, ಬಂಡೆಯ ನೆತ್ತಿ, ಮೂರೂ ಒಂದೇ ದಾರದ ಮಣಿ. ಕಲ್ಲು ಬಯಲಿನಲ್ಲೇ ನೆಟ್ಟರು. ಯಜಮಾನ ಹೇಳದೆ ಕೇಳದೆ ಗಾಡಿ ಹತ್ತಿದ.

ಹೊರಡುವಾಗ ಸಾಹೇಬರು ಕಿವಿಯ ಹತ್ತಿರ ಕೇಳಿದರು, "ನಿಮಗೆ ಹೇಗ್ರೀ ಗೊತ್ತಾಯ್ತು?"

"ಬೆನ್ನಿಗೆ ಗೊತ್ತಾಯ್ತು ಸಾರ್."

ಅವರು ಮತ್ತೆ ಕೇಳಲಿಲ್ಲ. ಅವನ ಅಂಗಿಯ ಬೆನ್ನಿಗೆ ಅಂಟಿದ್ದ ತೊಗಟೆಯ ಪುಡಿ ನೋಡಿದ್ದರೋ ಏನೋ.

ಮನೆ ಉಳಿಯಿತು. ಆದರೆ ಅವನ ಚಡಪಡಿಕೆ ಹೋಗಲಿಲ್ಲ. ಮಧ್ಯಾಹ್ನವೆಲ್ಲ ಒಳಗೆ ಹೊರಗೆ, ಒಳಗೆ ಹೊರಗೆ. ಸಂಜೆ ಅಕ್ಕನೇ ಕೇಳಿದಳು, "ಇನ್ನೇನೋ ನಿಂದು?"

"ಇನ್ನೂ ಕಾಯ್ತಿದ್ದಾನೆ ಅಕ್ಕ."

ಅಕ್ಕ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು. ಇಬ್ಬರೂ ಕಲ್ಲಿನಿಂದ ಹೊರಟರು. ಬೋಳುಬಂಡೆ ಮುಟ್ಟಿದರು. ಹಳ್ಳದ ತಿರುವಿನಲ್ಲಿ ಕಾಲು ತೊಳೆದರು. ಬಾವಿಕಟ್ಟೆ ಸುತ್ತಿದರು. ಅಲ್ಲಿಂದ ಅತ್ತಿತ್ತ ನೋಡದೆ, ದೊಡ್ಡ ಆಲದ ಮರದ ಕಡೆ ತಿರುಗದೆ, ನೆಟ್ಟಗೆ ಕಲ್ಲಿಗೆ ಬಂದರು. ಕತ್ತಲಾಗಿತ್ತು. ಬಯಲಲ್ಲಿ ಯಾರೂ ಕಾಣಲಿಲ್ಲ.

"ಬಂದ್ವಿ ಅಜ್ಜ," ಅಂದ ಅವನು. "ಸುತ್ತು ಮುಗೀತು."

ಏನೂ ಇಲ್ಲ.

"ತುಂಬಾ ತಡ ಆಯ್ತು, ಬೇಜಾರು ಮಾಡ್ಕೋಬೇಡಿ," ಅಂದಳು ಅಕ್ಕ. "ಏಳಿ. ಮನೆಗೆ ಹೋಗಿ."

ಆಗ... ಕಲ್ಲಿನ ಪಕ್ಕದಲ್ಲಿ... ಲಟಕ್. ಸ್ವಲ್ಪ ಬಿಟ್ಟು ಇನ್ನೊಂದು. ಲಟಕ್. ಬಹಳ ಹೊತ್ತು ಕೂತ ಮುದುಕರು ಏಳುವಾಗ ಮಂಡಿ ಬಿಡಿಸುತ್ತಾರಲ್ಲ, ಅದೇ ಸದ್ದು. ಆಮೇಲೆ ಹುಲ್ಲಿನ ಮೇಲೆ ಹೆಜ್ಜೆ, ಊರಿನ ಕಡೆಗೆ. ಒಂದು ಕಾಲು ಜೋಮು ಹಿಡಿದವರು ಎಳೆದು ಎಳೆದು ನಡೆಯುವ ಹಾಗೆ.

ಅಕ್ಕ ತಮ್ಮ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅತ್ತರಂತೆ. ಹೆದರಿಕೆಗಲ್ಲ.

ಮುದುಕ ಮತ್ತೆ ಕಾಣಿಸಲಿಲ್ಲ. ಕತೆ ಇಲ್ಲಿಗೆ ಮುಗಿಯಬೇಕಿತ್ತು, ನಾನೂ ಹಾಗೇ ಅಂದುಕೊಂಡಿದ್ದೆ. ಹೋದ ಬೇಸಿಗೆಯಲ್ಲಿ ಅವರ ಮನೆಗೆ ಹೋದೆ, ಮಟಮಟ ಮಧ್ಯಾಹ್ನ. ಅಕ್ಕ ಮನೆಯೊಳಗಿರಲಿಲ್ಲ. ನೋಡಿದರೆ ಇಸ್ತ್ರಿ ಮೇಜು ಹೊತ್ತುಕೊಂಡು ಹೋಗಿ ಬಯಲಲ್ಲಿ, ಗಡಿಕಲ್ಲಿನ ಪಕ್ಕ ಹಾಕಿಕೊಂಡಿದ್ದಾಳೆ. ಕಲ್ಲಿನ ಸುತ್ತ ಯಾರದೋ ಆಡುಗಳು ಮಲಗಿ ಮೆಲುಕು ಹಾಕುತ್ತಿವೆ. ಮೇಲೆ ಚಪ್ಪರ ಇಲ್ಲ, ರೆಂಬೆ ಇಲ್ಲ, ಬರೀ ಆಕಾಶ.

"ಈ ಬಿಸಿಲಲ್ಲಿ ಯಾಕಕ್ಕ ಕೂತಿದ್ದೀಯ?" ಅಂತ ಕೂಗಿದೆ.

"ಎಲ್ಲಿದೆ ಬಿಸಿಲು?" ಅಂದಳು. "ಬಾ ಈ ಕಡೆ."

ಹೋದೆ. ನಂಬದಿದ್ದರೆ ಬಿಡಿ, ನಿಮ್ಮನ್ನು ಒಪ್ಪಿಸಿ ನನಗೇನೂ ಆಗಬೇಕಾದ್ದಿಲ್ಲ. ಬಯಲು ದಾಟುವಾಗ ನನ್ನ ಕಾಲು ಸುಟ್ಟು ಬೊಬ್ಬೆ ಬಂದಿತ್ತು, ಚಪ್ಪಲಿ ಹೊಸ್ತಿಲಲ್ಲೇ ಬಿಟ್ಟಿದ್ದೆನಲ್ಲ. ಕಲ್ಲಿನ ಹತ್ತಿರ ಬಂದು ನಿಂತೆ. ನೆಲ ತಣ್ಣಗಿತ್ತು.